ಧಾರೆಯಲ್ಲಿ ಕೆಂಪಾದ ಕೈ

೧೯೪೪ನೇ ಇಸವಿಯ ಬೇಸಿಗೆ. ಯುದ್ಧ ಇನ್ನೂ ಮುಗಿದಿರಲಿಲ್ಲ, ಆದರೆ ನನ್ನ ಮದುವೆ ನಿಶ್ಚಯವಾಗಿಬಿಟ್ಟಿತ್ತು. ಹಸೆಮಣೆ ಏರುವಾಗ ಎಲ್ಲ ಗಂಡುಗಳಿಗೂ ಒಂದಿಷ್ಟು ಪುಕುಪುಕು ಇರುತ್ತದಂತೆ. ನನ್ನ ಹೆದರಿಕೆ ಆ ಜಾತಿಯದಲ್ಲ. ನನ್ನ ಎಡಗೈಯನ್ನು ಯಾರಾದರೂ ಮುಟ್ಟಿಬಿಟ್ಟರೆ ಎಂಬ ಹೆದರಿಕೆ. ಏಕೆಂದರೆ ಆ ಕೈ ಮರದ್ದು.

ಆಗ ನನಗೆ ಇಪ್ಪತ್ತನಾಲ್ಕು. ಭದ್ರಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಹೆಸರು ರಂಗಸ್ವಾಮಿಯಾದರೂ ಊರೆಲ್ಲ ಕರೆಯುತ್ತಿದ್ದದ್ದು ‘ಅಣಕು ರಂಗ’ ಎಂದು. ಗಿರಣಿ ಯಜಮಾನರ ಗೊರಕೆ, ಅಂಚೆಯವನ ಕುಂಟುನಡಿಗೆ, ನಮ್ಮಪ್ಪನ ಸೀನು, ಯಾವುದನ್ನೂ ಬಿಟ್ಟವನಲ್ಲ. ಬೇರೆ ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ನನ್ನ ಕೈಯನ್ನು ತಿಂದದ್ದೂ ಇದೇ ಚಟ. ಎರಡು ವರ್ಷ ಮೊದಲು ಸ್ನೇಹಿತನ ಆಲೆಮನೆಗೆ ಹೋದವನು ಗಾಣಕ್ಕೆ ಕಬ್ಬು ಕೊಡುತ್ತ ಕೂತಿದ್ದೆ. ಆಲೆಮನೆಯ ಗೌಡರು ಕೆಮ್ಮುತ್ತ ಬೈಯುವುದನ್ನು ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವವರ ಮುಖ ನೋಡುವ ಆಸೆಗೆ ಗಾಣದಿಂದ ಕಣ್ಣು ತೆಗೆದೆ. ಎತ್ತುಗಳನ್ನು ನಿಲ್ಲಿಸುವಷ್ಟರಲ್ಲಿ ಎಡಗೈ ಮಣಿಕಟ್ಟಿನವರೆಗೆ ಜಜ್ಜಿಹೋಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು.

ಹೆಣ್ಣು ಹುಡುಕುವ ಹೊಣೆ ನನ್ನ ಸೋದರಮಾವ ಹನುಮಂತಪ್ಪನದು. ಶಿವಮೊಗ್ಗದಲ್ಲಿ ಜವಳಿ ಅಂಗಡಿಯ ಲೆಕ್ಕ ಬರೆಯುವ ಒಬ್ಬರ ಮಗಳು ಜಯಮ್ಮ ಎಂದು ಗೊತ್ತು ಮಾಡಿದ. ಹೆಣ್ಣು ನೋಡಲು ಹೋದಾಗ, ಆ ಧಗೆಯಲ್ಲಿ, ಎಡಗೈಯ ಮೇಲೆ ಶಲ್ಯ ಹೊದಿಸಿ ಕೂರಿಸಿದ. ನಾನು ಅಲ್ಲಿಯೂ ಸುಮ್ಮನಿರದೆ ಅಣಕು ಮಾಡಿದೆ. ಬಾಗಿಲ ಹಿಂದೆ ಜಯಮ್ಮ ನಕ್ಕದ್ದು ಕೇಳಿಸಿತು. ಆ ನಗುವಿಗೆ ನಾನು ಮನಸೋತೆ ಎಂದು ಬರೆದರೆ ಮನೆಯಲ್ಲಿ ಈಗ ಬೈಗುಳ ತಿನ್ನಬೇಕಾಗುತ್ತದೆ, ಆದರೂ ಬರೆದಿದ್ದೇನೆ.

ವಾಪಸು ಬರುವಾಗ ಮಾವನನ್ನು ಕೇಳಿದೆ. “ಕೈ ವಿಷಯ ಅವರಿಗೆ ಗೊತ್ತಾ ಮಾವ?”

“ಹುಡುಗಿಗೂ ಅವಳ ಅಪ್ಪಂಗೂ ಎಲ್ಲ ಹೇಳಿದೀನಿ ಮಾರಾಯ. ತೊಂದ್ರೆ ಇರೋದು ನವುಲೆ ಅಜ್ಜಂದು. ಹುಡುಗಿಯ ತಾತ, ಅವನಿಗೆ ಹೇಳಿಲ್ಲ. ಅಂಗ ಊನ ಇರೋನು ಧಾರೆ ಹಿಡಿಯೋ ಹಂಗಿಲ್ಲ ಅಂತಾನೆ. ಬೊಗಸೆಗೆ ಎರಡು ಕೈ ಬೇಕಂತೆ.”

“ಮತ್ತೆ?”

“ಮತ್ತೇನು, ಒಂದು ಕೈ ಮಾಡ್ಸು. ಧಾರೆ ಮುಗಿಯೋವರೆಗೆ ನಿಂತ್ರೆ ಸಾಕು.”

ಪರದೇಶದ ಕೈಗಳು ಯುದ್ಧದಿಂದಾಗಿ ಬರುತ್ತಿರಲಿಲ್ಲ. ಬಂದಿದ್ದರೂ ನನ್ನ ಸಂಬಳಕ್ಕೆ ಅದರ ಕಿರುಬೆರಳೂ ದಕ್ಕುತ್ತಿರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಮುರುಗೇಶ ಎಂಬ ತಮಿಳು ಬಡಗಿ ಇದ್ದ. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಿ ಮರಳಿನಲ್ಲಿ ಅಚ್ಚು ಒತ್ತುತ್ತಾರಲ್ಲ, ಆ ಮರದ ಮಾದರಿ ಕೆತ್ತುವುದು ಅವನ ಕೆಲಸ. ಹಾಲೆ ಮರದ ಒಂದು ತುಂಡು ಹಿಡಿದು ಅವನ ಮನೆಗೆ ಹೋದೆ. ಕೂಲಿಯೆಂದು ಅವನು ಕೇಳಿದ್ದು ಅವನ ಮೇಸ್ತ್ರಿಯನ್ನು ಅಣಕಿಸಿ ತೋರಿಸಬೇಕು ಅಂತ. ನಾಲ್ಕು ಭಾನುವಾರ ತೋರಿಸಿದೆ. ನನ್ನ ಬಲಗೈ ನೋಡಿಕೊಂಡು ಕೆತ್ತಿದ. ಮುಗಿದ ಮೇಲೆ ನೋಡಿದರೆ ಅದೂ ಬಲಗೈಯೇ!

“ಅಯ್ಯೋ ತಂಬಿ, ಎರಡು ಬಲಗೈ ಆಗೋಯ್ತು,” ಎಂದು ತಲೆ ಚಚ್ಚಿಕೊಂಡ.

“ಪರವಾಗಿಲ್ಲ ಬಿಡಣ್ಣ, ಊಟಕ್ಕೆ ಇನ್ನೊಂದು ಕೈ ಹೆಚ್ಚಾಯ್ತು,” ಎಂದೆ.

ಎರಡನೆಯ ಸಲ ನನ್ನ ಬಲಗೈಯನ್ನು ಕನ್ನಡಿಯ ಮುಂದೆ ಇಡಿಸಿ, ಕನ್ನಡಿಯಲ್ಲಿದ್ದ ಕೈಯನ್ನು ನೋಡಿ ಕೆತ್ತಿದ. ಬೆರಳುಗಳು ಬೊಗಸೆಗೆ ಹೊಂದುವಂತೆ ಕೊಂಚ ಬಾಗಿದ್ದವು. ಮೊಣಕೈಯವರೆಗೆ ಬಿಗಿಯಲು ಚರ್ಮದ ಪಟ್ಟಿಯನ್ನೂ ಕೂಡಿಸಿದ.

ಆಕಾರ ಬಂತು, ಜೀವ ಬರಲಿಲ್ಲ. ಅದಕ್ಕೆ ಶಿವಮೊಗ್ಗದ ಬಶೀರ್ ಸಾಬರ ಹತ್ತಿರ ಹೋದೆ. ಅಂಗಡಿಗಳ ಬೋರ್ಡು, ನಾಟಕದ ಪರದೆ ಬರೆಯುವವರು. ಕೈಯನ್ನು ತಿರುಗಿಸಿ ಮಗುಚಿ ನೋಡಿ, “ಅರೇ ಭಾಯಿ, ಇಷ್ಟು ನುಣ್ಣಗೆ ಇರೋ ಕೈ ನವಾಬಂದೂ ಇರಲ್ಲ,” ಎಂದರು. ಅಮ್ಮನ ಹಳೆಯ ಮಲ್‌ಮಲ್ ಸೀರೆಯ ತುಂಡನ್ನು ಅಂಟಿನಲ್ಲಿ ಅದ್ದಿ ಚರ್ಮದಂತೆ ಮೆತ್ತಿದರು. ಅದರ ಕೆಳಗೆ ನೂಲಿನ ಎಳೆ ಇಟ್ಟು ನರಗಳನ್ನು ಉಬ್ಬಿಸಿದರು. ಮುರಿದ ಕೊಂಬಿನ ಬಾಚಣಿಗೆಯನ್ನು ತೆಳ್ಳಗೆ ಉಜ್ಜಿ ಉಗುರು ಮಾಡಿದರು. ನನ್ನ ತಲೆಯಿಂದಲೇ ಕೂದಲು ಕತ್ತರಿಸಿ ಒಂದೊಂದಾಗಿ ಬೆರಳಿನ ಹಿಂಭಾಗಕ್ಕೆ ಅಂಟಿಸಿದರು. ಕೊನೆಗೆ ಒಂದು ಉಗುರಿನ ಸಂದಿಗೆ ಕೊಳೆ ತುಂಬಿ, “ಈಗ ಆಯ್ತು ನೋಡು ಗುಮಾಸ್ತನ ಕೈ,” ಎಂದರು.

ಕೈ ನೋಡಿದರೆ ಬದುಕಿರುವ ಯಾರದೋ ಕೈ ಕಡಿದು ತಂದ ಹಾಗಿತ್ತು. ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದನ್ನು ಅಮ್ಮ ಕಂಡು ಕಿರುಚಿ ಅಕ್ಕಿಯ ಮೊರವನ್ನು ಚೆಲ್ಲಿದಳು. ಆಮೇಲೆ ಅದರ ಮೇಲೆ ಬುಟ್ಟಿ ಮುಚ್ಚಿಡುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಬುಟ್ಟಿ ಎತ್ತುವಾಗ ಮೈ ಜುಮ್ಮೆನ್ನುತ್ತಿತ್ತು.

ಮದುವೆಗೆ ರೈಲಿನಲ್ಲಿ ಹೊರಟೆವು. ಶಿವಮೊಗ್ಗದಲ್ಲಿ ಇಳಿಯುವಾಗ ಡಬ್ಬಿಯ ಬಾಗಿಲು ಬಡಿದು ತೋರುಬೆರಳಿನ ಬಣ್ಣ ಹುಣಸೆಬೀಜದಷ್ಟು ಎದ್ದುಹೋಯಿತು. ಒಳಗಿನ ಬಿಳಿ ಮರ ಹಲ್ಲು ಕಿರಿಯಿತು. ಮಾರನೆಯ ಬೆಳಿಗ್ಗೆ ಮುಹೂರ್ತ. ಬಶೀರ್ ಸಾಬರು ಯಾವುದೋ ನಾಟಕ ಕಂಪನಿಯ ಜೊತೆ ಊರು ಬಿಟ್ಟಿದ್ದರು. ಬಿಡದಿ ಮನೆಯಲ್ಲಿ ಕೂತು ಬೆವರುತ್ತಿದ್ದಾಗ ಮಾವನ ಎಲೆಯಡಿಕೆ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರಲ್ಲಿದ್ದ ಸುಣ್ಣವನ್ನು ತೆಗೆದುಕೊಂಡೆ, ಒಂದು ಚಿಟಿಕೆ ಕಾಚು ಬೆರೆಸಿದೆ, ದೀಪದ ಮಸಿ ಸ್ವಲ್ಪ ತೋರಿಸಿದೆ. ನನ್ನ ಮೈಬಣ್ಣವೇ ಬಂತು! ಬೆರಳಿಗೆ ಬಳಿದು, ಬಶೀರ್ ಸಾಬರನ್ನೂ ಮೀರಿಸಿದೆ ಎಂದು ಬೀಗಿದೆ.

ಚಪ್ಪರದ ಬಾಗಿಲಲ್ಲಿ ನವುಲೆ ಅಜ್ಜ ನಿಂತಿದ್ದರು. ಎತ್ತರದ ಆಳು. ಅವರ ಮೀಸೆಯನ್ನು ಅಣಕಿಸಲು ನನಗೆ ಎರಡು ಮುಖ ಬೇಕಾಗುತ್ತಿತ್ತು. “ಬಾರಪ್ಪ ಬಾ,” ಎಂದು ಎರಡೂ ಕೈ ಚಾಚಿ ನನ್ನ ಕೈಗಳನ್ನು ಹಿಡಿಯಲು ಬಂದರು. ತಟಕ್ಕನೆ ಬಗ್ಗಿ ಅವರ ಪಾದಕ್ಕೆ ಬಲಗೈ ಮುಟ್ಟಿಸಿದೆ.

“ಒಳ್ಳೆ ಹುಡುಗ ಕಣ್ರೋ, ಎಂಥ ನಡತೆ!” ಎಂದರು ಅಜ್ಜ.

ಹುಡುಗಿಯ ಅಪ್ಪ ಪಕ್ಕದಲ್ಲೇ ಇದ್ದರು. ಅವರು ನನ್ನ ಮುಖ ನೋಡಲಿಲ್ಲ, ಚಪ್ಪರದ ಕಂಬ ನೋಡಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಧಾರೆಯ ಹೊತ್ತು ಬಂತು. ಕೆಳಗೆ ನನ್ನ ಬೊಗಸೆ, ಅದರ ಮೇಲೆ ಜಯಮ್ಮನ ಬೊಗಸೆ, ಅದರಲ್ಲಿ ತೆಂಗಿನಕಾಯಿ. ಅವಳ ಕೈಗೆ ಹಚ್ಚಿದ್ದ ಅರಿಶಿನ ಇನ್ನೂ ಹಸಿಯಾಗಿತ್ತು. ಮರದ ಕೈಗೆ ಏನೂ ತಿಳಿಯುವುದಿಲ್ಲ. ಅವಳ ಕೈಯ ಬಿಸಿ ನನ್ನ ಬಲಗೈಗೆ ಮಾತ್ರ ತಾಗುತ್ತಿತ್ತು. ಹಿರಿಯರು ಒಬ್ಬೊಬ್ಬರಾಗಿ ಬಂದು ಹಾಲು ಎರೆದರು. ಒಬ್ಬೊಬ್ಬರು ಬಗ್ಗಿದಾಗಲೂ ನಾನು ಉಸಿರು ಹಿಡಿದೆ. ಇನ್ನೇನು ನಾಲ್ಕೈದು ಜನ ಉಳಿದಿದ್ದರು.

ಆಗ ಒಬ್ಬ ಮುದುಕಿ ಚೀರಿದಳು. “ಅಯ್ಯಯ್ಯೋ, ರಕ್ತ! ಗಂಡಿನ ಕೈಯಾಗೆ ರಕ್ತ!”

ನೋಡಿದೆ. ತೋರುಬೆರಳಿನಿಂದ ಕೆಂಪು ಇಳಿಯುತ್ತಿತ್ತು. ಹಾಲಿನ ಜೊತೆ ಬೆರೆತು ಜಯಮ್ಮನ ಬಿಳಿಯ ಧಾರೆ ಸೀರೆಯ ಮೇಲೆ ತೊಟತೊಟ ಬೀಳುತ್ತಿತ್ತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎಂದು ಆರತಿಯ ನೀರು ಕಲಸುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಊರಿನವರ ಕೆಮ್ಮು ಸೀನುಗಳನ್ನೆಲ್ಲ ಕಲಿತಿದ್ದ ನನಗೆ ಮಾತ್ರ ಹಿಂದಿನ ರಾತ್ರಿ ಬಣ್ಣ ಕಲಸುವಾಗ ಅದು ಹೊಳೆದಿರಲಿಲ್ಲ.

ಜಯಮ್ಮ ಆರತಿ ನೀರಿನ ಬಗ್ಗೆ ಯೋಚಿಸಲಿಲ್ಲ. ಗಾಯವಾಗಿದೆಯೆಂದು ಗಾಬರಿಯಾಗಿ, ತೆಂಗಿನಕಾಯಿಯನ್ನು ಪುರೋಹಿತರ ಮಡಿಲಿಗೆ ಹಾಕಿ, ರಕ್ತ ನಿಲ್ಲಿಸಲು ಆ ಬೆರಳನ್ನು ಬಿಗಿಯಾಗಿ ಅದುಮಿದಳು. ಮರುಗಳಿಗೆಯೇ ಅವಳ ಹಿಡಿತ ಸಡಿಲವಾಯಿತು. ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದಳು.

ಆ ನೋಟದಲ್ಲೇ ನನಗೆ ತಿಳಿದುಹೋಯಿತು. ಇವಳಿಗೆ ಯಾರೂ ಏನೂ ಹೇಳಿಲ್ಲ. ಮಾವ ಸುಳ್ಳು ಹೇಳಿದ್ದಾನೆ. ಮೋಸ ಹೋಗುತ್ತಿರುವುದು ಅಜ್ಜ ಎಂದುಕೊಂಡಿದ್ದೆ, ಮೋಸ ಹೋಗುತ್ತಿದ್ದದ್ದು ಇವಳು.

“ಏನಾಯ್ತು? ಎಲ್ಲಿ ಗಾಯ?” ಎನ್ನುತ್ತ ಅಜ್ಜ ಜನರನ್ನು ಸರಿಸಿಕೊಂಡು ಬಂದರು. ಜಯಮ್ಮ ಬಾಯಿ ಬಿಡಲಿಲ್ಲ. ಬೆರಳನ್ನೂ ಬಿಡಲಿಲ್ಲ. ಮಾವ ನನ್ನ ಬೆನ್ನ ಹಿಂದೆ ಬಂದು, “ಲೋ, ಏನಾದ್ರೂ ತಮಾಷೆ ಮಾಡೋ, ಮಾತು ತೇಲಿಸೋ,” ಎಂದು ಪಿಸುಗುಟ್ಟಿದ.

ನನಗೆ ನೂರು ಜನರ ದನಿ ಬರುತ್ತಿತ್ತು. ಆ ಹೊತ್ತಿಗೆ ಒಂದೂ ಬರಲಿಲ್ಲ. ಸುಮ್ಮನಿದ್ದರೆ ಅವಳು ನನ್ನ ಪರವಾಗಿ ಸುಳ್ಳು ಹೇಳಬೇಕಾಗುತ್ತದೆ ಅನ್ನಿಸಿತು.

“ಗಾಯ ಅಲ್ಲ ಅಜ್ಜ, ಇದು ಮರದ ಕೈ,” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಓಲಗ ನಿಂತಿತು. ಅಜ್ಜ ಬಗ್ಗಿ, ಬೆರಳನ್ನು ಉಗುರಿನಿಂದ ಕುಟ್ಟಿ ನೋಡಿದರು. ಟಕ್ ಟಕ್. ಮಗನ ಕಡೆ, ಅಂದರೆ ಜಯಮ್ಮನ ಅಪ್ಪನ ಕಡೆ, ತಿರುಗಿದರು. ಮಗ ತಲೆ ತಗ್ಗಿಸಿದರು.

“ನಿಂಗೆ ಗೊತ್ತಿತ್ತು,” ಎಂದರು ಮಗನಿಗೆ. ಮೊಮ್ಮಗಳಿಗೆ, “ನಿಂಗೂ ಗೊತ್ತಿತ್ತಾ ಮಗ?”

ಅವಳು ಉತ್ತರ ಕೊಡುವ ಮೊದಲೇ ನಾನು ಹೇಳಿದೆ. “ಅವರಿಗೆ ಹೇಳಿದೀವಿ ಅಂತ ನಂಗೆ ಹೇಳಿದ್ರು. ಈಗ ನೋಡಿದ್ರೆ ಹೇಳಿಲ್ಲ. ನಾನೇ ಬಂದು ಹೇಳಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದೇ.”

“ಇಳಿಯಪ್ಪ ಹಸೆಯಿಂದ,” ಎಂದರು ಅಜ್ಜ. ಗದರಲಿಲ್ಲ. ಗದರಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಆಗ ಜಯಮ್ಮ ಮಾತಾಡಿದಳು. ನನಗೇ ನೇರವಾಗಿ. “ಕೈ ಹೆಂಗೆ ಹೋಯ್ತು?”

“ಗಾಣಕ್ಕೆ ಸಿಕ್ತು.”

“ಹೆಂಗೆ ಸಿಕ್ತು ಅಂತ ಕೇಳಿದ್ದು.”

ಬೇರೆ ದಾರಿಯಿರಲಿಲ್ಲ. “ಆಲೆಮನೆ ಗೌಡ್ರನ್ನ ಅಣಕಿಸ್ತಾ ಇದ್ದೆ. ಜನ ನಗೋದು ನೋಡ್ತಾ ಗಾಣ ನೋಡಲಿಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. “ಅಜ್ಜ, ಒಳಗೆ ಬಾ, ನಿನ್ ಹತ್ರ ಮಾತಾಡ್ಬೇಕು,” ಎಂದು ಅಜ್ಜನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಮೇಲಿನ ಹೊತ್ತನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ಪುರೋಹಿತರು ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು, “ಮುಹೂರ್ತ ಮೀರ್ತಾ ಇದೆ,” ಎಂದು ಗೊಣಗುತ್ತಿದ್ದರು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಮಾವ ಎಲ್ಲಿಯೂ ಕಾಣಿಸಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ಅಜ್ಜನ ದನಿ ಏರುತ್ತಿತ್ತು, ಅವಳದು ಏರುತ್ತಲೇ ಇರಲಿಲ್ಲ. ಒಂದು ಮಾತೂ ಬಿಡಿಸಿ ಕೇಳಿಸುತ್ತಿರಲಿಲ್ಲ. ಮದುವೆ ಮುರಿದರೆ ಭದ್ರಾವತಿಗೆ ಹೇಗೆ ಮುಖ ತೋರಿಸಲಿ ಎಂದು ಮೊದಲು ಹೆದರಿದೆ. ಸ್ವಲ್ಪ ಹೊತ್ತಿಗೆ ಆ ಹೆದರಿಕೆ ಹೋಗಿ, ಇವಳು ಬೇರೆ ದಾರಿಯಿಲ್ಲದೆ ಒಪ್ಪಿಬಿಟ್ಟರೆ ಎಂಬ ಹೆದರಿಕೆ ಹಿಡಿಯಿತು. ಅದು ಮೊದಲಿನದಕ್ಕಿಂತ ದೊಡ್ಡದು. ಕೂತಲ್ಲೇ ತೋಳು ಮೇಲೆತ್ತಿ ಹಲ್ಲಿನಿಂದ ಚರ್ಮದ ಪಟ್ಟಿ ಬಿಚ್ಚಿ, ಕೈಯನ್ನು ತೆಗೆದು ಹಸೆಯ ಪಕ್ಕಕ್ಕಿಟ್ಟೆ. ಎರಡು ವರ್ಷದಲ್ಲಿ ಮೊದಲ ಸಲ ಮೊಂಡು ಮಣಿಕಟ್ಟನ್ನು ಅಷ್ಟು ಜನರ ಮುಂದೆ ಹಿಡಿದು ಕೂತೆ.

ಬಾಗಿಲು ತೆರೆಯಿತು. ಜಯಮ್ಮ ಬಂದು ಎದುರಿಗೆ ನಿಂತಳು. ಕಣ್ಣು ಕೆಂಪಾಗಿತ್ತು. ಮಣಿಕಟ್ಟನ್ನು ಬಹಳ ಹೊತ್ತು ನೋಡಿದಳು.

“ಅದನ್ನ ಬಿಚ್ಚಿ ಅಂತ ಹೇಳಕ್ಕೆ ಬಂದೆ,” ಎಂದಳು. “ಬಿಚ್ಚಿದೀರಿ.”

“ನಿಮಗೆ ಬೇಡ ಅನ್ಸಿದ್ರೆ ಈಗ್ಲೇ ಎದ್ದು ಹೋಗ್ತೀನಿ. ನಿಜವಾಗ್ಲೂ,” ಎಂದೆ.

“ಬೇಡ ಅನ್ಸಿದ್ರೆ ನಾನು ಹೊರಗೆ ಬರ್ತಿದ್ನಾ? ಸುಮ್ನೆ ಕೂತ್ಕೊಳ್ಳಿ. ಕೋಪ ಇದೆ ನಂಗೆ. ಅದು ಇವತ್ತಿಗೆ ಹೋಗಲ್ಲ.”

ಹಾಗೆಂದು ಅವಳು ತನ್ನ ಎರಡು ಕೈಯನ್ನು ಕೆಳಗಿಟ್ಟು, ನನ್ನ ಒಂದು ಕೈಯನ್ನು ಅದರ ಮೇಲಿಟ್ಟುಕೊಂಡಳು. ಪುರೋಹಿತರು ಬೊಗಸೆಯ ಲೆಕ್ಕ ಕೇಳದೆ ತೆಂಗಿನಕಾಯಿ ಇಟ್ಟರು. ಅಜ್ಜ ಕೊನೆಯಲ್ಲಿ ಬಂದು ಹಾಲು ಎರೆದರು. ನನ್ನ ಮುಖ ನೋಡಲಿಲ್ಲ. ಮುಂದಿನ ಎರಡು ದೀಪಾವಳಿಗೂ ನೋಡಲಿಲ್ಲ. ಊಟದ ಹೊತ್ತಿಗೆ ಮಾವ ಮಾತ್ರ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಪಂಕ್ತಿಯ ಮೊದಲಲ್ಲೇ ಕೂತು ಹೋಳಿಗೆ ಬಾರಿಸಿದ.

ಇದಾಗಿ ನಾಲ್ಕು ವರ್ಷವಾಯಿತು. ಮರದ ಕೈಯನ್ನು ನಾನು ಮತ್ತೆ ಕಟ್ಟಲಿಲ್ಲ. ಖಾಲಿ ತೋಳು ನೋಡಿ ಕೇಳಿದವರಿಗೆ ಗಾಣದ ಕತೆಯನ್ನು ಗೌಡರ ಕೆಮ್ಮಿನ ಸಮೇತ ಹೇಳುತ್ತೇನೆ. ಜಯಮ್ಮನ ಕೋಪ ಯಾವಾಗ ಹೋಯಿತೋ ಗೊತ್ತಿಲ್ಲ, ಪೂರ್ತಿ ಹೋಗಿದೆಯೆಂದು ಧೈರ್ಯವಾಗಿ ಬರೆಯಲಾರೆ. ಆ ದಿನ ಬಾಗಿಲು ಹಾಕಿಕೊಂಡು ಅಜ್ಜನಿಗೆ ಏನು ಹೇಳಿದೆ ಎಂದು ಎಷ್ಟೋ ಸಲ ಕೇಳಿದ್ದೇನೆ. ಅಜ್ಜನ ದನಿಯಲ್ಲಿ ಕೇಳಿದ್ದೇನೆ, ಅವಳದೇ ದನಿಯಲ್ಲಿ ಕೇಳಿದ್ದೇನೆ, ನಗಿಸಿ ಕೇಳಿದ್ದೇನೆ. ಅವಳದು ಒಂದೇ ಉತ್ತರ. “ನೀವೊಂದು ಮುಚ್ಚಿಟ್ರಿ. ನಾನೂ ಒಂದು ಮುಚ್ಚಿಟ್ಟಿದೀನಿ.”

ಅವಳು ಅದನ್ನು ಹೇಳಿದಾಗಲೆಲ್ಲ, ಬೇರೆ ದಾರಿಯಿಲ್ಲದೆ ಒಪ್ಪಿದಳೇನೋ ಎಂದು ಮುಚ್ಚಿದ ಬಾಗಿಲಿನ ಮುಂದೆ ಕೂತಾಗ ಹಿಡಿದಿದ್ದ ಆ ಹೆದರಿಕೆ ಇವತ್ತಿಗೂ ಒಂದು ಗಳಿಗೆ ಎದ್ದು ಕೂರುತ್ತದೆ.