ಬ್ಯಾರನ್ನಿನಲ್ಲಿ ತೂಗುಹಾಕಿದ ಗಿಟಾರ್

—ಮೂರು ದಿನವೋ, ನಾಲ್ಕು ದಿನವೋ? ಮೂರು ಎಂದು ಬರೆದೆ, ಹೊಡೆದುಹಾಕಿದೆ. ನೆನಪು ನನಗೆ ಅನುಕೂಲವಾದ ಲೆಕ್ಕವನ್ನೇ ಒಪ್ಪಿಸುತ್ತದೆ, ನಂಬುವ ಹಾಗಿಲ್ಲ. ಎಷ್ಟು ದಿನವೇ ಆಗಿರಲಿ ಜವರ, ನಿನ್ನ ಗಿಟಾರನ್ನು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ತೂಗುಹಾಕಿದವನು ನಾನು. ಅದು ಸೀಳು ಬಿಟ್ಟದ್ದು ನಿನ್ನ ತಪ್ಪಿನಿಂದಲ್ಲ. ನಿನ್ನ ತಪ್ಪೇ ಎಂದು ನೀನು ನಂಬಿದೆ, ಇಷ್ಟು ವರ್ಷ ನಾನು ನಂಬಗೊಟ್ಟೆ.

ಕೊಡಗಿನ ತೋಟದ ಬಂಗಲೆಯಲ್ಲಿ ನೀನು ಅಡುಗೆಗಿದ್ದೆ. ಬಿಳಿ ದೊರೆ ತನ್ನ ಸೀಮೆಗೆ ಹೊರಡುವಾಗ ಗಿಟಾರನ್ನು ನಿನಗೆ ಬಿಟ್ಟುಹೋದ. ನೀನು ಅದನ್ನು ಬೆಟ್ಟದಪುರದ ನಮ್ಮ ಕೇರಿಗೆ ಹೊತ್ತು ತರುವವರೆಗೆ ಶನಿವಾರದ ಭಜನೆಗೆ ವಾದ್ಯವೆಂದರೆ ನನ್ನ ಹಾರ್ಮೋನಿಯಂ. ಅಪ್ಪ ಎದುರಿಗೇ ಕೂರುತ್ತಿದ್ದ, ಎಲೆ ಅಡಿಕೆ ಜಗಿಯುತ್ತ. ನಾನು ಏನು ನುಡಿಸಿದರೂ ಆ ದವಡೆ ನಿಂತದ್ದಿಲ್ಲ. ನೀನು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿಗಳ ಮೇಲೆ ಕಬ್ಬಿಣದ ತುಂಡೊಂದನ್ನು ಜಾರಿಸಿದೆ—ನಿಂತಿತು.

“ಲೇ ಕೆಂಪ, ನಿನ್ ಪೆಟ್ಗೆ ಕೆಮ್ತದೆ ಕಣ್ಲಾ. ವಸಿ ಸುಮ್ಕಿರು, ಅವುನ್ದು ಕೇಳ್ಮ” ಎಂದ ಅಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಮಾತ್ರ ನಗಲಿಲ್ಲ. “ಬುಡಿ ಮಾವ, ಕೆಂಪ ಶ್ರುತಿ ಇಡುದ್ರೇನೇ ನಂಗೆ ದಾರಿ ಸಿಕ್ಕೋದು” ಎಂದೆ. ಅಪ್ಪನ ಮಾತು ನನ್ನನ್ನು ಚುಚ್ಚಿತು, ಅಷ್ಟೆ. ಉರಿ ಹತ್ತಿದ್ದು ನಿನ್ನ ಮಾತಿನಿಂದ. ನನ್ನ ಪಕ್ಷ ವಹಿಸಿಕೊಂಡು ಮಾತಾಡುವಷ್ಟು ಎತ್ತರದಲ್ಲಿ ನೀನು ಆಗಲೇ ಕೂತುಬಿಟ್ಟಿದ್ದೆ.

ಆ ಕಾರ್ತೀಕದಲ್ಲಿ ಮೈಸೂರಿನ ನಾಟಕ ಕಂಪನಿಯೊಂದು ನಿನ್ನನ್ನು ಕರೆಯಿತು: ವಾದ್ಯದ ಸಮೇತ ಬಾ, ನುಡಿಸು, ನಮ್ಮ ಜೊತೆಗೇ ಇರು. ಹೊರಡುವುದಕ್ಕೆ ಮೊದಲೇ ಕೋಟೆಯ ಕಡೆಯ ಊರಲ್ಲಿದ್ದ ನಿನ್ನ ತಾಯಿಗೆ ಚಳಿಜ್ವರವೆಂದು ಸುದ್ದಿ ಬಂತು. ಮಂಜಿನಲ್ಲಿ ಗಾಡಿಯ ಮೇಲೆ ಗಿಟಾರನ್ನು ಒಯ್ಯಲು ನಿನಗೆ ಧೈರ್ಯ ಬರಲಿಲ್ಲ. ಅದರ ಪೆಟ್ಟಿಗೆಗೆ ಕಂಬಳಿ ಸುತ್ತಿ ನನ್ನ ಮನೆಗೆ ತಂದು ನೀನು ಹೇಳಿದೆ:

“ನೆಲುಕ್ಕೆ ಇಡ್ಬ್ಯಾಡ, ತೇವ ಏರ್ತದೆ. ರಾಗಿ ತುಂಬೋ ವಾಡೆ ಪಕ್ಕ ಅಲ್ಗೆ ಮ್ಯಾಲಿರ್ಲಿ. ಒಲೆ ಅತ್ರ ಮಾತ್ರ ಬ್ಯಾಡ ಕಣ್ಲಾ. ಚಳಿಗಿಂತ ಬಿಸಿನೇ ಅದುನ್ನ ಕೊಲ್ಲೋದು.”

ಬೇಸಿಗೆಯಲ್ಲಿ ಮರ ಬಿರಿಯದಿರಲೆಂದು ಒಣಗಿದ ಹೀರೇಕಾಯಿಯ ನಾರನ್ನು ನೀರಲ್ಲಿ ಅದ್ದಿ, ಹಿಂಡಿ, ಆ ಪೆಟ್ಟಿಗೆಯ ಮೂಲೆಯಲ್ಲಿ ಇಡುತ್ತಿದ್ದವನು ನೀನು. ಮಗುವಿಗೆ ಕೂಡ ಅಷ್ಟು ಮಾಡುವವರನ್ನು ನಾನು ಕಂಡಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು—ನನ್ನ ಹಾರ್ಮೋನಿಯಂ ಮೇಲೆ ಕೋಳಿ ಮಲಗುತ್ತಿತ್ತು.

ಒಂದು ವಾರಕ್ಕೆ ಪೆಟ್ಟಿಗೆಯ ತಳದಲ್ಲಿ ಬೂಷ್ಟು ಕಂಡಿತು. ಕಂಡಿತೇ? ಹೆಂಡತಿಗೆ ಹಾಗೆಂದು ಹೇಳಿದ್ದು ನಿಜ. “ತೇವ ಇಡುದದೆ, ಬ್ಯಾರನ್ನಲ್ಲಿಟ್ಟು ಬೆಚ್ಗೆ ಮಾಡ್ತೀನಿ” ಎಂದೆ. ಬೂಷ್ಟು ಇದ್ದಿರಬಹುದು. ಹೇಳಿ ಹೇಳಿ ನಾನೇ ಹುಟ್ಟಿಸಿಕೊಂಡಿರಲೂಬಹುದು. ಈಗ ಕಣ್ಣು ಮುಚ್ಚಿದರೆ ಬೂಷ್ಟು ಕಾಣುತ್ತದೆ, ಹಸಿರಾಗಿ, ಸ್ಪಷ್ಟವಾಗಿ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅನುಮಾನ.

ಅನುಮಾನವಿಲ್ಲದ್ದು ಇಷ್ಟು. ಬ್ಯಾರನ್ ಕಾಯುವುದೇ ನನ್ನ ಕೆಲಸವಾಗಿತ್ತು. ಕೋಲುಗಳಿಗೆ ಕಟ್ಟಿದ ಹಸಿ ಎಲೆ ಒಳಗೆ ತೂಗುತ್ತದೆ, ಕೊಳವೆಗಳಲ್ಲಿ ಬಿಸಿ ಹರಿಯುತ್ತದೆ, ಎಲೆಯ ನೀರೆಲ್ಲ ಹೋಗುತ್ತದೆ. ಬೆಂಕಿ ಆರಿಸಿದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಪುಡಿ. ಬೆಳಗಿನ ಮಂಜಿಗೆ ಬಾಗಿಲು ತೆರೆದು, ಎಲೆ ಮೆಲ್ಲಗೆ ತೇವ ಕುಡಿದು ಹದಕ್ಕೆ ಬರಲಿ ಎಂದು ಕಾಯುತ್ತೇವೆ. ಒಣಗಿದ್ದು ಹೇಗೆ ಒಡೆಯುತ್ತದೆ ಎಂಬುದು ನನಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ತಿಳಿದೇ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದೆ. ಎಲೆಯ ಕೋಲಿಗೆ ಕಟ್ಟಿದೆ. ಬಾಗಿಲು ಹಾಕಿ ಒಲೆಗೆ ಸೌದೆ ಇಟ್ಟೆ.

ಟಕ್ಕೆಂದ ಸದ್ದು ಕೇಳಿದೆ ಎಂದು ಬಹುಕಾಲ ಅಂದುಕೊಂಡಿದ್ದೆ. ಸುಳ್ಳಿರಬೇಕು. ಆ ದಪ್ಪ ಗೋಡೆಯಾಚೆಗೆ ಏನೂ ಕೇಳಿಸುವುದಿಲ್ಲ. ಬಾಗಿಲು ತೆರೆದ ಬೆಳಿಗ್ಗೆ ನೋಡಿದೆ: ಹೊಟ್ಟೆಯ ಹಲಗೆ ಉದ್ದಕ್ಕೂ ಬಾಯಿಬಿಟ್ಟಿತ್ತು, ಕತ್ತಿನ ಬುಡದ ಅಂಟು ಕಿತ್ತಿತ್ತು. ಮೊದಲ ಗಳಿಗೆಯಲ್ಲಿ ಸಂತೋಷವಾಯಿತು. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ—ಸಂತೋಷವಾಯಿತು. ಆಮೇಲೆ ಅದನ್ನು ಕೋಲಿನಿಂದ ಬಿಚ್ಚಿದೆ. ಪೆಟ್ಟಿಗೆಯಲ್ಲಿಟ್ಟು, ಕಂಬಳಿ ಸುತ್ತಿ, ವಾಡೆಯ ಪಕ್ಕ ಇದ್ದಲ್ಲೇ ಇಟ್ಟೆ.

ನೀನು ತಾಯಿಯನ್ನು ಮಣ್ಣು ಮಾಡಿ, ತಲೆ ಬೋಳಿಸಿಕೊಂಡು ಬಂದೆ. ಪೆಟ್ಟಿಗೆ ಬಿಚ್ಚಿದೆ. ಸೀಳಿನ ಮೇಲೆ ಬೆರಳಾಡಿಸಿದೆ.

“ತಂತಿ ಸಡ್ಲ ಮಾಡ್ದೆ ಬುಟ್ಟೋದೆ ಕಣ್ಲಾ. ಅವ್ವನ ಗ್ಯಾನ್ದಲ್ಲಿ ಮರ್ತೆ. ಚಳೀಲಿ ಬಿಗ್ದು ಸೀಳೋಗದೆ. ನಂದೇ ತಪ್ಪು.”

ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. “ಓಗ್ಲಿ ಬುಡು” ಎಂದೆ. ಆಡಿದ್ದು ಆ ಎರಡೇ ಮಾತು.

ಕಂಪನಿಗೆ ನೀನು ಹೋಗಲಿಲ್ಲ. ಪಿರಿಯಾಪಟ್ಟಣದಲ್ಲಿ ಹೋಟೆಲಿಟ್ಟೆ. ನಾನು ಬಂದಾಗೆಲ್ಲ ಕಾಫಿ ಕೊಟ್ಟೆ, ಹಾರ್ಮೋನಿಯಂ ಹೇಗಿದೆ ಎಂದು ಕೇಳಿದೆ. ಬರುವ ಸೋಮವಾರ ಬಂದು ಈ ಕಾಗದವನ್ನು ನಿನ್ನೆದುರು ಓದುತ್ತೇನೆ. ಕ್ಷಮಿಸು ಎಂಬ ಮಾತು ಇದರಲ್ಲಿಲ್ಲ. ಅದನ್ನು ಕೇಳುವ ಬಾಯಿ ನನಗಿಲ್ಲ.

ಒಂದು ಮಾತ್ರ ಉಳಿಯುತ್ತದೆ. ತಪ್ಪು ನಿನ್ನದೆಂದು ಹೇಳುವ ಮೊದಲು ನೀನು ಬಗ್ಗಿ, ಗಿಟಾರಿನ ಹೊಟ್ಟೆಯ ತೂತಿಗೆ ಮೂಗಿಟ್ಟೆ. ಬ್ಯಾರನ್ನಿನಲ್ಲಿ ಇದ್ದು ಬಂದ ಯಾವುದಕ್ಕೂ ಹೊಗೆಸೊಪ್ಪಿನ ವಾಸನೆ ಬಿಡುವುದಿಲ್ಲ. ತಲೆ ಎತ್ತಿ ನನ್ನನ್ನು ನೋಡಿದೆ, ಆಮೇಲೆ ತಂತಿಯ ಮಾತಾಡಿದೆ. ನಿನಗೆ ಆಗಲೇ ತಿಳಿದಿತ್ತೋ, ಇಲ್ಲವೋ—ನನಗೆ ಗೊತ್ತಿಲ್ಲ.