ಪದ್ಮಿನಿಗೊಂದು ಕಾರ್ಬ್ಯುರೇಟರ್

ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದವರನ್ನು ನಮ್ಮ ಚಿತ್ರದುರ್ಗದಲ್ಲಿ ಯಾರೂ ಒಂಟಿಯಾಗಿ ಬಿಡುವುದಿಲ್ಲ. ಬಿಸಿಲಿಗೆ ತಲೆಯ ಮೇಲೆ ಟವೆಲ್ ಹೊದ್ದು ಹೋಗುತ್ತಿದ್ದವರು ನಿಲ್ಲುತ್ತಾರೆ; ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರು ಪೊಟ್ಟಣದ ಸಮೇತ ಎದ್ದು ಬರುತ್ತಾರೆ; ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರ ಗಾಂಭೀರ್ಯದಿಂದ ಒಳಗೆ ಇಣುಕಿ, "ಪೆಟ್ರೋಲ್ ಐತಾ ನೋಡಿದ್ರಾ?" ಎಂದು ವಿಚಾರಿಸುತ್ತಾರೆ. ವರ್ಷಾನುಗಟ್ಟಲೆ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತಳಾದ ನನ್ನ ಉಪನ್ಯಾಸಗಳಿಗೆ ಎಂದೂ ಸೇರದಷ್ಟು ಸಭಿಕರು ನನ್ನ ಕೆಟ್ಟುನಿಂತ ಕಾರಿನ ಸುತ್ತ ಸೇರಿದ್ದನ್ನು ಕಂಡಾಗ, ನಾನು ವೃತ್ತಿಜೀವನದುದ್ದಕ್ಕೂ ಒಂದು ಬಾನೆಟ್ಟನ್ನು ತರಗತಿಗೆ ಒಯ್ಯಬೇಕಿತ್ತೆಂದು ಅನ್ನಿಸಿದ್ದುಂಟು.

ಕಾರು ಪದ್ಮಿನಿ, ಈಗ ತಯಾರಾಗದ ಹಳೆಯ ಮಾದರಿ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಕೊಂಡದ್ದು, ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ನಮ್ಮ ಪ್ರಾಚೀನರು ಸ್ತ್ರೀಯರನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ವಿಂಗಡಿಸಿದರಷ್ಟೆ? ನನ್ನ ಕಾರು ಒಂದೇ ಜನ್ಮದಲ್ಲಿ ನಾಲ್ಕೂ ಆಗಿತ್ತು. ಹೆಸರಿಗೆ ಪದ್ಮಿನಿ, ಚಿತ್ರದುರ್ಗದ ವಾಸದಿಂದ ಚಿತ್ರಿಣಿ, ಹಾರನ್ ಒತ್ತಿದರೆ ಶಂಖಿನಿ, ಏರು ಬಂದರೆ ಸಾಕ್ಷಾತ್ ಹಸ್ತಿನಿ. ಬಹುಕಾಲ ಶೆಡ್ಡಿನಲ್ಲಿ ಮಲಗಿದ್ದ ಅದನ್ನು ನಿವೃತ್ತಿಯ ನಂತರ ಎಬ್ಬಿಸಿದಾಗ ಬಣ್ಣ ಬಂತು, ಸೀಟು ಬಂತು, ಸಪಾಟು ರಸ್ತೆಯಲ್ಲಿ ಓಟವೂ ಬಂತು. ಏರಿನಲ್ಲಿ ಮಾತ್ರ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು.

ನನ್ನ ಮೆಕ್ಯಾನಿಕ್ ಬಾಷಾ ಕಾರಣ ಹೇಳಿದ: "ಮೇಡಂ, ಇದ್ರ ಕಾರ್ಬ್ಯುರೇಟರ್ ಇದ್ರದಲ್ಲ. ಹಿಂದೆ ರಿಪೇರಿ ಮಾಡ್ದೋರು ಯಾರೋ ಬೇರೆ ಗಾಡಿದು ತಂದು ಕೂರ್ಸವ್ರೆ. ಏರಿಗೆ ಉಸಿರು ಸಾಲಲ್ಲ."

ಕಾರ್ಬ್ಯುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಧನ. ಅಂಗೈಯಲ್ಲಿ ಹಿಡಿಸುತ್ತದೆ, ಅಂಗಡಿಯಲ್ಲಿ ಸಿಗುವುದಿಲ್ಲ. ನದೀಮೂಲ, ಋಷಿಮೂಲ ಹುಡುಕಬಾರದೆಂದು ಹಿರಿಯರು ಎಚ್ಚರಿಸಿದ್ದರು. ಎಂಜಿನ್ ಮೂಲದ ಬಗ್ಗೆ ಏನೂ ಹೇಳಿರಲಿಲ್ಲವಾದ್ದರಿಂದ ನಾನು ಹುಡುಕಲು ಹೊರಟೆ. ಈ ಗೀಳಿಗೆ ಮೂಲವ್ಯಾಧಿ ಎಂದು ಹೆಸರಿಡೋಣವೆಂದರೆ ವೈದ್ಯರು ಆ ಹೆಸರನ್ನು ಆಗಲೇ ಬೇರೊಂದು ಕಾಯಿಲೆಗೆ ಕೊಟ್ಟುಬಿಟ್ಟಿದ್ದಾರೆ.

ಹಿರಿಯೂರಿನ ಹೆದ್ದಾರಿ ಬದಿಯ ಗುಜರಿಯಲ್ಲಿ ಮಾಲೀಕರು ಫಳಫಳ ಹೊಳೆಯುವಂತೆ ತೊಳೆದ ಕಾರ್ಬ್ಯುರೇಟರ್ ಒಂದನ್ನು ಕೈಗಿಟ್ಟು, "ಇದು ನಿಮ್ಮ ಗಾಡಿದೇ, ಕಣ್ಮುಚ್ಕಂಡು ತಗಂಡೋಗ್ರಿ" ಎಂದರು. ನಾನು ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ತಂದೆ. ಅದು ಯಾವುದೋ ವ್ಯಾನಿನದು. ಹೊಸದುರ್ಗದ ತೋಟವೊಂದರಲ್ಲಿ ಹಳೆಯ ಪದ್ಮಿನಿ ಇದೆಯೆಂಬ ಸುದ್ದಿ ಬಂತು. ಹೋಗಿ ಬಾನೆಟ್ ಎತ್ತಿದರೆ ಕಾವಿಗೆ ಕೂತ ಕೋಳಿಯೊಂದು ನನ್ನನ್ನು ದುರುಗುಟ್ಟಿ ನೋಡಿತು. ಎಂಜಿನ್ ಇರಬೇಕಾದ ಜಾಗದಲ್ಲಿ ಹುಲ್ಲು ಮತ್ತು ಮೊಟ್ಟೆ ಇದ್ದವು. ಕ್ಷಮೆ ಕೇಳುವವಳಂತೆ ಮೆಲ್ಲಗೆ ಮುಚ್ಚಿ ಬಂದೆ.

ಕೊನೆಗೆ ಹೊಳಲ್ಕೆರೆಯಲ್ಲಿ ಓಂಕಾರಪ್ಪನವರು ಸಿಕ್ಕರು. ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಅಂಗಳದಲ್ಲಿ ನನ್ನದರಂಥದೇ ಪದ್ಮಿನಿ, ಎಂಜಿನ್ ಸುಟ್ಟು, ಚಕ್ರಗಳು ಮಣ್ಣಿಗಿಳಿದು, ಆದರೂ ದಿನವೂ ಒರೆಸಿಕೊಳ್ಳುತ್ತ ನಿಂತಿತ್ತು. "ಬರ್ರಿ, ಕುಂತ್ಕಳ್ರಿ" ಎಂದು ಉಪಚರಿಸಿ, ಒಳಗಿನಿಂದ ಸ್ಟೀಲ್ ಡಬ್ಬಿಯೊಂದನ್ನು ತಂದರು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ, ಎಣ್ಣೆ ಸವರಿದ, ಅಪ್ಪಟ ಮೂಲ ಕಾರ್ಬ್ಯುರೇಟರ್! ಹಸುಗೂಸನ್ನು ಎತ್ತಿಕೊಳ್ಳಲು ಕೊಟ್ಟ ಬಾಣಂತಿಯ ತಾಯಿ ಕೆಳಗೆ ತನ್ನ ಕೈಯನ್ನೂ ಒಡ್ಡಿರುತ್ತಾಳಲ್ಲ, ಹಾಗೆ ನನ್ನ ಕೈಗೆ ಕೊಟ್ಟರು. ಹಾಗೆಯೇ ವಾಪಸು ತೆಗೆದುಕೊಂಡರು.

"ನೋಡಾಕೆ ದಿನಾ ಬರ್ರಿ ಮೇಡಂ. ಕೊಡಾಕಾಗಲ್ಲ," ಎಂದರು. "ಇದನ್ನ ಕೊಟ್ರೆ ನನ್ನ ಗಾಡಿ ಇನ್ನು ಓಡಲ್ಲ ಅಂತ ನಾನೇ ಒಪ್ಕಂಡಂಗೆ."

ನಾನು ಕಾಫಿ ಮುಗಿಸಿ ಎದ್ದೆ. ಹೊರಟಾಗ ಅವರ ಹೆಂಡತಿ ಗಿರಿಜಮ್ಮ ಕಾರಿನವರೆಗೆ ಬಂದರು. "ದುರ್ಗದಿಂದ ಇಲ್ಲೀತಂಕ ನೀವೇ ಓಡ್ಸ್ಕಂಡು ಬಂದ್ರಾ?" ಎಂದು ಕೇಳಿ, ಹೌದೆಂದಾಗ ಕಿಟಕಿಯೊಳಗೆ ಕೈ ಚಾಚಿ ಸ್ಟೇರಿಂಗನ್ನು ಒಮ್ಮೆ ಸವರಿದರು. ದಾರಿಯ ಏರಿನಲ್ಲಿ ಕಾರು ಎಂದಿನಂತೆ ನಿಂತಿತು. ಎಂಜಿನ್ ಆರಲೆಂದು ಹೊಂಗೆ ಮರದ ಕೆಳಗೆ ಕಾಯುತ್ತಿದ್ದಾಗ ನಾನು ಯೋಚಿಸುತ್ತಿದ್ದುದು ಕಾರ್ಬ್ಯುರೇಟರಿನ ಬಗ್ಗೆಯಲ್ಲ, ಆ ಕೈಯ ಬಗ್ಗೆ.

ಆಸೆಗೆ ನಾಚಿಕೆಯಿಲ್ಲವಲ್ಲ, ಮತ್ತೆ ಹೋದೆ. ಓಂಕಾರಪ್ಪನವರು ಮತ್ತೆ ಡಬ್ಬಿ ತೋರಿಸಿದರು, ಮತ್ತೆ ಮುಚ್ಚಿದರು. ಆಗ ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ ಬಾಯಿಬಿಟ್ಟರು.

"ಕೊಡಾಣ ರೀ. ಆದ್ರೆ ಮೇಡಮ್ಮೋರು ನನಗೆ ಗಾಡಿ ಓಡ್ಸಾದು ಕಲಿಸ್ಬೇಕು."

ಓಂಕಾರಪ್ಪನವರು ನಕ್ಕರು. "ಲೇ, ಈ ವಯಸ್ನಾಗೆ ನಿನಗ್ಯಾಕೆ ಅದೆಲ್ಲ? ಎಲ್ಲಾದ್ರೂ ಗುದ್ದಿ ಗಾಡಿ ಹಾಳು ಮಾಡ್ತೀಯ."

"ರೇಡಿಯೇಟರ್‌ಗೆ ನೀರು ಹಾಕ್ದಂಗೆ ದಾವಣಗೆರೆತಂಕ ಓಡ್ಸಿ ಎಂಜಿನ್ ಸುಟ್ಟೋರ್ಯಾರು? ನಾನಾ?" ಗಿರಿಜಮ್ಮನ ದನಿ ಏರಲಿಲ್ಲ. "ಗಾಡಿ ಕೊಟ್ಟಿದ್ದು ನಮ್ಮಣ್ಣ. ಒಂದಿನನಾದ್ರೂ ಸ್ಟೇರಿಂಗ್ ಮುಟ್ಟಾಕೆ ಬಿಟ್ರಾ ನೀವು? ಆತು, ಅದು ಓಡಲ್ಲ. ನನಗಿನ್ನೂ ಕೈಕಾಲು ಗಟ್ಟಿ ಅವೆ."

ಗಂಡಹೆಂಡಿರ ನಡುವೆ ಸಿಕ್ಕಿಬಿದ್ದ ಅತಿಥಿಗಳು ಮಾಡುವಂತೆ ನಾನು ಖಾಲಿ ಲೋಟದಲ್ಲಿ ಇಲ್ಲದ ಕಾಫಿಯನ್ನು ಹೀರಿದೆ. ಓಂಕಾರಪ್ಪನವರು ತಮ್ಮ ಕಾರನ್ನೊಮ್ಮೆ ನೋಡಿ ಎದ್ದು, ಡಬ್ಬಿಯನ್ನು ನನ್ನ ಕೈಗಲ್ಲ, ಹೆಂಡತಿಯ ಕೈಗೆ ಇಟ್ಟು ಒಳಗೆ ಹೋದರು.

ಬಾಷಾ ಅದನ್ನು ಕೂರಿಸಿ ಎಂಜಿನ್ ಚಾಲೂ ಮಾಡಿದಾಗ, ಶೀತ ಬಿಟ್ಟ ಗಾಯಕಿಯಂತೆ ಪದ್ಮಿನಿಯ ಕಂಠ ತಿಳಿಯಾಯಿತು. ಗಿರಿಜಮ್ಮ ಎಲ್‌ಎಲ್‌ಆರ್ ಮಾಡಿಸಿಕೊಂಡು ಭಾನುವಾರಗಳಂದು ಬಸ್ಸಿನಲ್ಲಿ ಬರತೊಡಗಿದರು. ಮದಕರಿಪುರದ ಕಡೆ ರಸ್ತೆಗಳಷ್ಟೇ ಇದ್ದು ಮನೆಗಳಿನ್ನೂ ಬಾರದ ಲೇಔಟ್ ಒಂದು ನಮ್ಮ ಪಾಠಶಾಲೆಯಾಯಿತು. ವರ್ಷಗಳಿಂದ ಮನೆಯಲ್ಲಿ ಹೊಲಿಗೆ ಯಂತ್ರ ತುಳಿದ ಅವರ ಕಾಲು ಕ್ಲಚ್ಚನ್ನು ಬೇಗ ಅರಿತಿತು. ಕೈ ಮಾತ್ರ ಎತ್ತಿನ ಹಗ್ಗ ಜಗ್ಗಿದಂತೆ ಸ್ಟೇರಿಂಗ್ ಜಗ್ಗುತ್ತಿತ್ತು. ಒಮ್ಮೆ ಸೈಟಿನ ಕಲ್ಲಿಗೆ ಗುದ್ದಿ, ನಾನು ಊರೂರು ಅಲೆದು ತಂದಿದ್ದ ಮೂಲ ಬಂಪರ್ ಡೊಂಕಾಯಿತು. ಗಿರಿಜಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ಸಿಟ್ಟು ಬರಬೇಕಿತ್ತು; ಬಂದದ್ದು ನಗು. ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂದು ನಾನು ಹಂಬಲಿಸಿದ ಕಾರು ಕಾರ್ಖಾನೆಯಿಂದ ಬಂದದ್ದಾದರೂ ಏತಕ್ಕೆ, ಯಾರಾದರೂ ಓಡಿಸಲೆಂದೇ ಅಲ್ಲವೆ ಓದುಗರೆ? "ರಿವರ್ಸ್ ಹಾಕ್ರಿ" ಎಂದೆ.

ಲೈಸೆನ್ಸ್ ಸಿಕ್ಕ ಮೇಲೆ ಗಿರಿಜಮ್ಮ ಚಿತ್ರದುರ್ಗದಿಂದ ಹೊಳಲ್ಕೆರೆಗೆ ತಾವೇ ಓಡಿಸುವುದೆಂದು ನಿಶ್ಚಯವಾಯಿತು. ಕರೆದಾಗ ಓಂಕಾರಪ್ಪನವರು ಬೇಡವೆನ್ನಲಿಲ್ಲ; ಇಸ್ತ್ರಿ ಅಂಗಿ ತೊಟ್ಟು ಹೆಂಡತಿಯೊಡನೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ಊರು ದಾಟುವವರೆಗೆ, "ಗೇರ್ ಬದಲಾಯ್ಸು, ಲಾರಿ ಬಂತು ನೋಡು" ಎಂದು ಒಂದೇ ಸಮ ಹೇಳುತ್ತಿದ್ದರು.

"ಸುಮ್ನೆ ಕುಂತ್ಕಳ್ರಿ" ಎಂದರು ಗಿರಿಜಮ್ಮ.

ಏರು ಬಂತು. ಗಿರಿಜಮ್ಮ ಗೇರ್ ಇಳಿಸಿದರು. ಕಾರು ಕೆಮ್ಮಲಿಲ್ಲ, ತಡವರಿಸಲಿಲ್ಲ. ಒಂದೇ ಉಸಿರಿಗೆ, ತುಂಬು ದನಿಯಲ್ಲಿ ಹಾಡುತ್ತ ಏರಿ ಆಚೆ ಇಳಿಯಿತು. ಹಿಂದಿನಿಂದ ಓಂಕಾರಪ್ಪನವರು ತಮಗೆ ತಾವೇ ಎಂಬಂತೆ, "ನಮ್ಮ ಗಾಡಿ ಶಬ್ದನೇ ಇದು" ಎಂದರು. ನಾವಿಬ್ಬರೂ ತಿರುಗಿ ನೋಡಲಿಲ್ಲ.

ಹೊಳಲ್ಕೆರೆಯಲ್ಲಿ ಅವರ ಮನೆಯ ಗೇಟು ಬಂತು. ಕಾರು ನಿಧಾನಿಸಲಿಲ್ಲ.

"ಲೇ ಗಿರಿಜಾ, ಮನೆ ಹಿಂದಕ್ಕೋತು!"

"ನೋಡ್ದೆ ಕಣ್ರೀ. ಹೊಸದುರ್ಗದ ರಸ್ತೆ ಚೆನ್ನಾಗೈತಂತೆ. ಒಂದಿಷ್ಟು ಹೋಗಿ ಬರಾಣ."

ಊರಾಚೆ ತಲುಪಿದಾಗ ಓಂಕಾರಪ್ಪನವರು ಕಾರು ನಿಲ್ಲಿಸಲು ಹೇಳಿದರು. ಇಳಿದು ಹೋಗುತ್ತಾರೇನೋ ಎಂದು ನಾನು ಅಂಜಿದೆ. ಅವರು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆರೆದು, ಸಂಕೋಚದಿಂದ, "ಮೇಡಂ, ನೀವು ತಪ್ಪು ತಿಳ್ಕಳ್ದಿದ್ರೆ ನಾನು ಮುಂದೆ ಕುಂತ್ಕಂತೀನಿ" ಎಂದರು.

ನಾನು ಹಿಂದಕ್ಕೆ ಹೋದೆ. ಪದ್ಮಿನಿ ಹೊರಟಿತು. ಮುಂದಿನ ಸೀಟಿನಲ್ಲಿ ಅವರಿಬ್ಬರೂ ಮೆಲುದನಿಯಲ್ಲಿ ಏನನ್ನೋ ಚರ್ಚಿಸುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ನಾನು ಅದುವರೆಗೆ ಕುಳಿತೇ ಇರಲಿಲ್ಲ. ಕಾಲು ಚಾಚಲು ಅಲ್ಲಿ ಎಷ್ಟೊಂದು ಜಾಗವಿದೆ!