ಬೇಡವೆಂದ ಮನೆಯಲ್ಲಿ

“ನಮ್ ಸೊಸೆ ಮೇಲೆ ಪ್ರಯೋಗ ಮಾಡಾಕೆ ಬಂದೀರೇನ್ರೀ?” ಆನವಟ್ಟಿ ಸಮೀಪದ ಹಳ್ಳಿಯ ಮನೆಯೊಂದರಲ್ಲಿ ಬಾಣಂತಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳಿದರು. ಶಿಕಾರಿಪುರ, ಸೊರಬದ ಸರ್ಕಾರಿ ನರ್ಸ್‌ಗಳಾದ ನಾವು ಬಾಣಂತಿಯರ ರಕ್ತದೊತ್ತಡದ ಬಗ್ಗೆ ಅಧ್ಯಯನ ನಡೆಸುತ್ತಿದ್ದೇವೆ. ಅದರ ಉಸ್ತುವಾರಿ ನನ್ನದು. ಒಪ್ಪದವರನ್ನು ಒತ್ತಾಯಿಸುವಂತಿಲ್ಲ. ಕೈಮುಗಿದು ಹೊರಟೆ.

ಅಷ್ಟರಲ್ಲಿ ಒಳಗಿನಿಂದ ಕ್ಷೀಣ ದನಿ ಕೇಳಿಸಿತು: “ಅತ್ತೀ, ತಲೆ ಸಿಡೀತೈತಿ. ಕಣ್ಣು ಮಂಜಾಗೈತಿ.”

ನಾನು ತಟ್ಟನೆ ಹಿಂದಿರುಗಿದೆ. ಹೆರಿಗೆಯಾದ ಮೇಲೆ ಹೀಗಾದರೆ ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು.

“ಅಮ್ಮಾ, ಅಧ್ಯಯನದ ಮಾತು ಬಿಡ್ರಿ. ನಾನು ನರ್ಸು. ಒಂದ್ಸಲ ಬಿಪಿ ನೋಡ್ತೀನಿ,” ಎಂದು ಬೇಡಿಕೊಂಡೆ. ಅವರು ಕದಲಲಿಲ್ಲ. ಸೊಸೆಯೇ ಗೋಡೆ ಹಿಡಿದು ಬಂದು ತೋಳು ಚಾಚಿದಳು. ಬಿಪಿ ವಿಪರೀತ ಏರಿತ್ತು. ಅದನ್ನು ಹೇಳಿದಾಗ ಅತ್ತೆ ಬಾಗಿಲು ಬಿಟ್ಟು ಸರಿದರು.

ಆಂಬುಲೆನ್ಸ್‌ಗೆ ಕಾಯದೆ ನಾನು ಬಂದಿದ್ದ ಜೀಪಿನಲ್ಲೇ ಆಸ್ಪತ್ರೆಗೆ ಹೊರಟೆವು. ಅತ್ತೆ ಕೂಸನ್ನು ಅವುಚಿಕೊಂಡು ಕುಳಿತಿದ್ದರು. ನಾನು ದಾರಿಯುದ್ದಕ್ಕೂ ಬಾಣಂತಿಯನ್ನು ಮಾತನಾಡಿಸುತ್ತಲೇ ಇದ್ದೆ. ಉತ್ತರ ತಡವಾದಾಗೆಲ್ಲ ಮತ್ತೆ ಮತ್ತೆ ಕರೆಯುತ್ತಿದ್ದೆ. ಪುಣ್ಯಕ್ಕೆ, ಫಿಟ್ಸ್ ಬರುವ ಮೊದಲೇ ಆಸ್ಪತ್ರೆ ತಲುಪಿ ಇಂಜೆಕ್ಷನ್ ಬಿತ್ತು.

ಸೊಸೆ ಚೇತರಿಸಿಕೊಂಡ ಮೇಲೆ ಅತ್ತೆ ನನ್ನ ಕೈ ಹಿಡಿದು, “ಈಗ ನಿಮ್ ಅಧ್ಯಯನಕ್ಕ ಅಕಿ ಹೆಸರು ಬರ್ಕೊಳ್ರೀ,” ಎಂದರು.

“ಉಪಕಾರ ತೀರಿಸೋಕೆ ಅಂತ ಬೇಡಮ್ಮ. ಅವಳನ್ನೇ ಕೇಳೋಣ,” ಎಂದೆ.

ಮಂಚದ ಮೇಲಿದ್ದ ಆಕೆ ಅತ್ತೆಯ ಮುಖ ನೋಡಲಿಲ್ಲ. “ಮೊದ್ಲು ಏನೇನ್ ಮಾಡ್ತೀರಿ ಹೇಳ್ರೀ. ಕೇಳಿ ಹೇಳ್ತೀನಿ,” ಎಂದಳು.

ಅಂದಿನಿಂದ ಯಾವ ಮನೆಗೆ ಹೋದರೂ, ಹಿರಿಯರು ಒಪ್ಪಲಿ ಬಿಡಲಿ, ಬಾಣಂತಿಯನ್ನು ಒಮ್ಮೆ ಮಾತನಾಡಿಸದೆ ನಾನು ಮೆಟ್ಟಿಲಿಳಿಯುವುದಿಲ್ಲ.